ಸೌದೆ ಎಣಿಸಬೇಕೋ, ಬೂದಿ ತೂಗಬೇಕೋ?

(ನಂಜು ಮತ್ತು ಗಾಯಕ್ಕೆ ಒಳಗಾದ ಪ್ರಾಣಿಗಳಲ್ಲಿ, ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ವ್ಯವಸ್ಥೆಯನ್ನು ಅಳೆಯುವ ಬಗ್ಗೆ ನಮ್ಮ ಬಡಾವಣೆಯ ವಿಜ್ಞಾನ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘ ಇದ್ದಲ್ಲಿ ಹಾಗೇ ಬಿಟ್ಟಿದ್ದೇನೆ.)

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಹಿರಿಯರೊಬ್ಬರು ಕರಪತ್ರ ಮುಂದೆ ಹಿಡಿದು, "ಕಾಂಪ್ಲಿಮೆಂಟ್ ಅಂದ್ರೆ ಹೊಗಳಿಕೆ ಅಲ್ವೇನಮ್ಮಾ, ಅದನ್ನ ಇಲೀಲಿ ಹೇಗೆ ಅಳೀತೀರಿ?" ಎಂದರು. ಇಂಗ್ಲಿಷಿನಲ್ಲಿ ಒಂದಕ್ಷರ ಬೇರೆ ಸರ್, ನಮ್ಮದು ಪೂರಕ ಅನ್ನುವ ಅರ್ಥದ್ದು. ಹೊಗಳಿಕೆಯೇ ಆಗಿದ್ದರೆ ಅಳೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಕಾಲಿಗೆ ಮೊಳೆ ಚುಚ್ಚಿದರೆ ಅಜ್ಜಿ ಮೊದಲು ಹೇಳುತ್ತಿದ್ದ ಮಾತು: "ನಂಜಾದೀತು, ಜೋಕೆ." ವೈದ್ಯರು ಸೆಪ್ಸಿಸ್ ಅನ್ನುವುದು ಈ ನಂಜು ಮೈಗೇರಿದ ಸ್ಥಿತಿಯನ್ನೇ. ಸೋಂಕಿಗೆ ದೇಹ ಕೊಡುವ ಉತ್ತರ ಹದ ತಪ್ಪಿ, ತನ್ನದೇ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತನ್ನು ಕೆಡಿಸತೊಡಗುವುದು. 2017ರ ಒಂದು ವರ್ಷದಲ್ಲಿ ಲೋಕದಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, ಅವರಲ್ಲಿ 1.1 ಕೋಟಿ ಜನ ತೀರಿಕೊಂಡರು ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ವಿಚಿತ್ರ ಏನೆಂದರೆ, ಒಂದೂ ರೋಗಾಣು ಇಲ್ಲದೆ, ಬರೀ ಎದೆಗೆ ಬಲವಾದ ಪೆಟ್ಟು ಬಿದ್ದು ರಕ್ತ ಹೋದವರಲ್ಲೂ ಇದೇ ತರಹದ ಕೇಡು ಕಾಣುತ್ತದೆ. ಬಿ.ಪಿ. ಬೀಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಈ ಎರಡೂ ಕಡೆ, ಶುರುವಿನ ನಿಮಿಷಗಳಲ್ಲೇ ಕೈಯಾಡಿಸುವ ವ್ಯವಸ್ಥೆ ಕಾಂಪ್ಲಿಮೆಂಟ್.

ಅದು ಒಂದು ವಸ್ತುವಲ್ಲ. ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ತಂಡ. ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಸುಮ್ಮನೆ ತೇಲಿಕೊಂಡಿರುತ್ತವೆ. ಆಂಟಿಬಾಡಿ ಅಂಟಿದ ರೋಗಾಣು ಸಿಕ್ಕರೆ ಒಂದು ದಾರಿ, ರೋಗಾಣುವಿನ ಮೈಮೇಲಿನ ಸಕ್ಕರೆ ಸಿಕ್ಕರೆ ಇನ್ನೊಂದು ದಾರಿ, ಏನೂ ಸಿಗದೆ ತಾನಾಗಿಯೇ ಒಂದಿಷ್ಟು ಉರಿಯುತ್ತಾ ರಕ್ಷಣೆ ಇಲ್ಲದ ಮೇಲ್ಮೈ ಕಂಡ ಕೂಡಲೇ ಭುಗಿಲೇಳುವುದು ಮೂರನೆಯ ದಾರಿ. ಮೂರೂ ಬಂದು ಸೇರುವುದು ಸಿ3 ಎಂಬ ಪ್ರೋಟೀನಿನ ಹತ್ತಿರ. ಸಿ3 ತುಂಡಾದಾಗ ದೊಡ್ಡ ತುಂಡು ಸಿ3ಬಿ ಹತ್ತಿರದ ಮೇಲ್ಮೈಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಸಣ್ಣ ತುಂಡು ಸಿ3ಎ ತೇಲಿ ಹೋಗುತ್ತದೆ. ಆಮೇಲೆ ಸಿ5ರ ಸರದಿ. ಅದರ ಸಣ್ಣ ತುಂಡು ಸಿ5ಎ, ಬಿಳಿ ರಕ್ತಕಣಗಳನ್ನು ಕೂಗಿ ಕರೆಯುವ ಕಹಳೆ. ದೊಡ್ಡ ತುಂಡು ಸಿ5ಬಿಯು ಸಿ6, ಸಿ7, ಸಿ8ರ ಜೊತೆ ಕೂಡಿ, ಹದಿನೆಂಟರವರೆಗೂ ಸಿ9ಗಳನ್ನು ಸುತ್ತ ಜೋಡಿಸಿ ರೋಗಾಣುವಿನ ಪೊರೆಯಲ್ಲಿ ತೂತು ಕೊರೆಯುತ್ತದೆ. ಇಷ್ಟು ಗೊತ್ತಿದ್ದರೆ ಇವತ್ತಿನ ಮಾತಿಗೆ ಸಾಕು.

ಇದನ್ನು ಮೊದಲು ಕಂಡದ್ದೂ ಅಳೆಯಲು ಹೋದದ್ದೂ ಹೆಚ್ಚುಕಡಿಮೆ ಒಟ್ಟಿಗೇ. 1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಜೂಲ್ ಬೋರ್ಡೆ ಎಂಬ ಬೆಲ್ಜಿಯಂನ ಯುವಕ ಕಾಲರಾ ರೋಗಾಣುಗಳನ್ನು ಕೊಲ್ಲುವ ಸೀರಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಿಡಿದು ಕೂತಿದ್ದ. ಸೀರಮನ್ನು ಸುಮಾರು 56 ಡಿಗ್ರಿಗೆ ಕಾಯಿಸಿದರೆ ಕೊಲ್ಲುವ ಶಕ್ತಿ ಹೋಯಿತು. ಆದರೆ ಕಾಯಿಸದ ಮಾಮೂಲಿ ಸೀರಮ್ ಸ್ವಲ್ಪ ಬೆರೆಸಿದರೆ ಶಕ್ತಿ ವಾಪಸು ಬಂತು. ಅಂದರೆ ಬಿಸಿಗೆ ಕೆಡದ ಒಂದು, ಕೆಡುವ ಇನ್ನೊಂದು, ಎರಡೂ ಸೇರಿದರೆ ಮಾತ್ರ ಕೆಲಸ. ಬಿಸಿಗೆ ಕೆಡುವ ಆ ಎರಡನೆಯದಕ್ಕೆ ಕಾಂಪ್ಲಿಮೆಂಟ್ ಎಂಬ ಹೆಸರು ಕೊಟ್ಟವನು ಜರ್ಮನಿಯ ಪಾಲ್ ಎರ್ಲಿಕ್. ಬೋರ್ಡೆಗೆ 1919ರ ನೊಬೆಲ್ ಬಂತು. ರೋಗಾಣುವಿನ ಬದಲು ಕೆಂಪು ರಕ್ತಕಣವನ್ನೂ ಹೀಗೇ ಒಡೆಯಬಹುದು ಎಂದು ಅವನು ತೋರಿಸಿದ್ದೇ ನಮಗೆ ಅಳತೆಗೋಲಾಯಿತು. ಕೆಂಪು ಕಣ ಒಡೆದದ್ದು ಕಣ್ಣಿಗೇ ಕಾಣುತ್ತದಲ್ಲ.

ಆ ಅಳತೆಯ ಹೆಸರು ಸಿಎಚ್50. ಹೇಗೆ ಮಾಡುತ್ತೇವೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಪ್ರಿಯವಾದ ಕೆಲಸ ಇದು. ಕುರಿಯ ರಕ್ತವನ್ನು, ಕೆಡದ ಹಾಗೆ ಕಾಯುವ ಆಲ್ಸಿವರ್ ದ್ರಾವಣದಲ್ಲಿ ತಣ್ಣಗೆ ಇಟ್ಟಿರುತ್ತೇವೆ. ಕಣಗಳನ್ನು ಮೂರು ಸಲ ತೊಳೆಯಬೇಕು, ಮೇಲಿನ ನೀರು ಒಂಚೂರೂ ಕೆಂಪಿಲ್ಲದ ಹಾಗೆ. ಕೆಂಪಿದ್ದರೆ ಕಣ ಹಳತಾಗಿ ತಾನಾಗಿಯೇ ಒಡೆಯುತ್ತಿದೆ ಅಂತ. ತೊಳೆದ ಕಣಗಳಿಗೆ ಮೊಲದಲ್ಲಿ ಬೆಳೆಸಿದ ಆಂಟಿಬಾಡಿ ಹಚ್ಚುತ್ತೇವೆ. ಆಮೇಲೆ ಸಾಲಾಗಿ ಟ್ಯೂಬುಗಳು. ಪರೀಕ್ಷಿಸಬೇಕಾದ ಸೀರಮನ್ನು ಒಂದರಿಂದ ಇನ್ನೊಂದಕ್ಕೆ ತೆಳುವಾಗಿಸುತ್ತಾ ಹೋಗಿ ಕಣ ಬೆರೆಸಿ, 37 ಡಿಗ್ರಿಯ ವಾಟರ್ ಬಾತಿನಲ್ಲಿ ಇಡುವುದು. ಒಂದು ಟ್ಯೂಬಿಗೆ ಬರೀ ಡಿಸ್ಟಿಲ್ಡ್ ನೀರು. ಅದರಲ್ಲಿ ಎಲ್ಲ ಕಣವೂ ಒಡೆಯುತ್ತದೆ, ಅದು ನೂರು. ಇನ್ನೊಂದಕ್ಕೆ ಬರೀ ಬಫರ್ (ಕಣ ಒಡೆಯದ ಉಪ್ಪಿನ ದ್ರಾವಣ), ಅದು ಸೊನ್ನೆ. ಇಟ್ಟಾಗ ಎಲ್ಲ ಟ್ಯೂಬೂ ಕುಂಕುಮ ಕದಡಿದ ನೀರಿನ ಹಾಗೆ ಮಬ್ಬು. ಅರ್ಧ ಗಂಟೆ ಕಳೆದು ನೋಡಿದರೆ ಸೀರಮ್ ಗಟ್ಟಿಯಿರುವ ಈ ತುದಿಯವು ದಾಸವಾಳದ ಶರಬತ್ತಿನ ಹಾಗೆ ತಿಳಿಯಾಗಿರುತ್ತವೆ. ಟ್ಯೂಬಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು. ಆ ತುದಿಯವು ಮಬ್ಬಾಗಿಯೇ ಉಳಿದು, ಸೆಂಟ್ರಿಫ್ಯೂಜಿನಲ್ಲಿ ಸುತ್ತಿಸಿದರೆ ತಳದಲ್ಲಿ ಕೆಂಪು ಗುಂಡಿಯ ಹಾಗೆ ಕೂರುತ್ತವೆ. ಬಣ್ಣವನ್ನು 541 ನ್ಯಾನೊಮೀಟರಿನಲ್ಲಿ ಓದಿ, ಅರ್ಧದಷ್ಟು ಕಣ ಒಡೆಯಲು ಸೀರಮನ್ನು ಎಷ್ಟು ಪಟ್ಟು ತೆಳು ಮಾಡಬಹುದು ಎಂದು ಲೆಕ್ಕ ಹಾಕುತ್ತೇವೆ. ಅರ್ಧವೇ ಯಾಕೆ, ಪೂರ್ತಿ ಯಾಕಲ್ಲ? ಕೊನೆಯ ಕೆಲವು ಕಣ ಒಡೆಸುವುದಕ್ಕೆ ವಿಪರೀತ ಸೀರಮ್ ಬೇಕು, ಅಲ್ಲಿ ಗೆರೆ ಚಪ್ಪಟೆಯಾಗಿಬಿಡುತ್ತದೆ. ನಡುವಿನಲ್ಲಿ ಗೆರೆ ಕಡಿದಾಗಿದ್ದು, ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಕುರಿ ಕಣದ ಜಾಗದಲ್ಲಿ ಆಂಟಿಬಾಡಿ ಹಚ್ಚದ ಮೊಲದ ಕಣ, ಬಫರಿನಲ್ಲಿ ಕ್ಯಾಲ್ಸಿಯಂ ತೆಗೆದು ಬರೀ ಮೆಗ್ನೀಸಿಯಂ ಇಟ್ಟರೆ, ಮೂರನೆಯ ದಾರಿಯ ಅಳತೆ ಸಿಗುತ್ತದೆ. ಅದು ಎಎಚ್50. ಈ ಮೂರನೆಯ ದಾರಿಗೆ ಒಂದು ನೋವಿನ ಕಥೆಯಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಲೂಯಿ ಪಿಲ್ಲೆಮರ್ 1954ರಲ್ಲಿ, ಆಂಟಿಬಾಡಿಯ ಹಂಗಿಲ್ಲದೆ ಕಾಂಪ್ಲಿಮೆಂಟನ್ನು ಎಬ್ಬಿಸುವ ಪ್ರೊಪರ್ಡಿನ್ ಎಂಬ ಪ್ರೋಟೀನ್ ಇದೆ ಎಂದು ಪ್ರಕಟಿಸಿದ. ಯೀಸ್ಟಿನ ಕೋಶಗೋಡೆಯನ್ನು ಸೀರಮಿನ ಜೊತೆ 17 ಡಿಗ್ರಿಯಲ್ಲಿ ಇಟ್ಟು, ತೆಗೆದು, ಮತ್ತೆ 37 ಡಿಗ್ರಿಯಲ್ಲಿ ಇಟ್ಟು ನೋಡುವ ಅವನ ವಿಧಾನ ಬಲು ನಾಜೂಕಿನದು. ಅಳತೆಯ ಮೇಲೇ ಅನುಮಾನ ಬಂತು. ನೀನು ಕಂಡದ್ದು ಹೊಸ ಪ್ರೋಟೀನಲ್ಲ, ಸೀರಮಿನಲ್ಲಿ ಮೊದಲೇ ಇದ್ದ ಆಂಟಿಬಾಡಿ ಇದ್ದೀತು ಎಂದರು. 1957ರಲ್ಲಿ ಅವನು ತೀರಿಕೊಂಡ. ಮುಂದೆ ಅವನು ಹೇಳಿದ್ದೇ ನಿಜವಾಯಿತು, ಪ್ರೊಪರ್ಡಿನ್ ಇವತ್ತು ಪಠ್ಯಪುಸ್ತಕದಲ್ಲಿದೆ.

ಈಗ ಶೀರ್ಷಿಕೆಗೆ ಬರುತ್ತೇನೆ. ಬೆಂಕಿ ಎಷ್ಟು ಉರಿಯಿತು ಅಂತ ರಾತ್ರಿ ಕಳೆದು ಬಂದವರು ತಿಳಿಯುವುದು ಹೇಗೆ? ಹಿತ್ತಲಲ್ಲಿ ಉಳಿದ ಸೌದೆ ಎಣಿಸಬಹುದು, ಅಥವಾ ಒಲೆಯಲ್ಲಿನ ಬೂದಿ ತೂಗಬಹುದು. ಸಿಎಚ್50 ಎಣಿಸುವುದು ಸೌದೆ. ಸಂಖ್ಯೆ ಇಳಿದಿದ್ದರೆ ಕಾಂಪ್ಲಿಮೆಂಟ್ ಉರಿದು ಖರ್ಚಾಗಿದೆ ಅಂತ ಹೇಳಲು ಬಾಯಿ ಚಪಲ ಆಗುತ್ತದೆ. ಆದರೆ ಸೌದೆಯನ್ನು ಯಾರೋ ಹೊತ್ತುಕೊಂಡು ಹೋಗಿರಬಹುದಲ್ಲ? ಗಾಯದ ಮಾದರಿಗಳಲ್ಲಿ, ಅಂದರೆ ಗಾಯದ ಸ್ಥಿತಿಯನ್ನು ಪ್ರಾಣಿಗಳಲ್ಲಿ ತಂದು ನೋಡುವ ಪ್ರಯೋಗಗಳಲ್ಲಿ, ಇದು ದಿನನಿತ್ಯದ ಗೊಂದಲ. ರಕ್ತ ಹರಿಸಿ ಆಘಾತಕ್ಕೆ ಒಳಪಡಿಸಿದ ಇಲಿಗೆ ಆಮೇಲೆ ರಿಂಗರ್ ಲ್ಯಾಕ್ಟೇಟ್ ಎಂಬ ಉಪ್ಪುನೀರಿನ ಡ್ರಿಪ್ ಕೊಡುತ್ತೇವೆ. ರಕ್ತದ ಎಲ್ಲ ಪ್ರೋಟೀನೂ ತೆಳುವಾಗುತ್ತದೆ, ಕಾಂಪ್ಲಿಮೆಂಟೂ ಅದರ ಜೊತೆಗೇ. ನಂಜಿನಲ್ಲಿ ರಕ್ತನಾಳ ಸೋರುತ್ತದೆ, ಪ್ರೋಟೀನ್ ಅಂಗಾಂಶಕ್ಕೆ ಇಳಿದುಹೋಗುತ್ತದೆ. ಹಾಗಾಗಿ ಅದೇ ರಕ್ತದ ಒಟ್ಟು ಪ್ರೋಟೀನೋ, ಆಲ್ಬುಮಿನ್ ಎಂಬ ಮುಖ್ಯ ಪ್ರೋಟೀನೋ ಅಳೆದು ಪಕ್ಕದಲ್ಲಿ ಬರೆಯದ ಸಿಎಚ್50 ಕಂಡರೆ ನಾನು ಆ ಪುಟವನ್ನು ಅರ್ಧ ಮನಸ್ಸಿನಲ್ಲೇ ಓದುವುದು. ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ. ಉರಿಯೂತ ಶುರುವಾದ ಮೇಲೆ ಯಕೃತ್ತು ಸಿ3ಯನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಒಂದೆರಡು ದಿನ ಕಳೆದು ನೋಡಿದರೆ ಸಿ3 ಸರಿಯಾಗಿಯೇ ಇದೆ, ಕೆಲವೊಮ್ಮೆ ಜಾಸ್ತಿಯೂ ಇದೆ. ಏನೂ ಆಗಿಲ್ಲ ಅಂತ ತೋರುತ್ತದೆ. ಒಂದು ಕಡೆ ಉರಿಯುತ್ತಲೇ ಇದೆ, ಇನ್ನೊಂದು ಕಡೆ ಗಾಡಿಗಟ್ಟಲೆ ಸೌದೆ ಬಂದು ಬೀಳುತ್ತಿದೆ, ಅಷ್ಟೇ.

ಸರಿ, ಬೂದಿಯನ್ನೇ ತೂಗೋಣ ಅಂದರೆ? ಬೂದಿ ಅಂದರೆ ಸಿ3ಎ, ಸಿ5ಎ, ಮತ್ತೆ ಎಲ್ಲೂ ತೂತು ಕೊರೆಯಲಾಗದೆ ರಕ್ತದಲ್ಲೇ ಉಳಿದ ಸಿ5ಬಿ-9 ಗೊಂಚಲು. ಇವನ್ನು ಎಲೈಸಾದಲ್ಲಿ, ಅಂದರೆ ಆಂಟಿಬಾಡಿ ಬಳಸಿ ಅಳೆಯುವ ಪರೀಕ್ಷೆಯಲ್ಲಿ, ಹಿಡಿಯುತ್ತೇವೆ. ಇಡೀ ಪ್ರೋಟೀನಿನಲ್ಲಿ ಅಡಗಿದ್ದು, ತುಂಡಾದ ಮೇಲಷ್ಟೇ ಹೊರಗೆ ಕಾಣುವ ಮುಖವನ್ನು ಗುರುತಿಸುವ ಆಂಟಿಬಾಡಿ ಬೇಕು. ಇಲ್ಲವಾದರೆ ಸೌದೆಯನ್ನೂ ಬೂದಿ ಅಂತಲೇ ತೂಗಿಬಿಡುತ್ತದೆ. ಸಿ5ಎಯದು ಇನ್ನೊಂದು ಕಾಟ. ಅದು ಬಿಳಿ ರಕ್ತಕಣಗಳ ಮೇಲಿನ ಗ್ರಾಹಕಗಳಿಗೆ (ರಿಸೆಪ್ಟರ್) ಎಷ್ಟು ಬೇಗ ಹೋಗಿ ಕೂರುತ್ತದೆಂದರೆ, ಪ್ಲಾಸ್ಮಾದಲ್ಲಿ (ಹೆಪ್ಪುಗಟ್ಟಿಸದೆ ಕಣ ಬೇರ್ಪಡಿಸಿದ ರಕ್ತದ ದ್ರವ) ಅದು ಕಮ್ಮಿಯಿದೆ ಅಂದರೆ ಹುಟ್ಟಲಿಲ್ಲ ಅಂತಲೇ ಅರ್ಥವಲ್ಲ. ಬೂದಿಯನ್ನು ಗಾಳಿ ಹೊತ್ತುಕೊಂಡು ಹೋಗಿದೆ. ಸಿ5ಬಿ-9 ಗೊಂಚಲು ಸ್ವಲ್ಪ ಹೊತ್ತು ನಿಲ್ಲುತ್ತದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಇದಕ್ಕಿಂತ ದೊಡ್ಡ ತೊಂದರೆ, ಬೆಂಕಿ ಟ್ಯೂಬಿನೊಳಗೂ ಹತ್ತಿಕೊಳ್ಳುತ್ತದೆ. ನನ್ನದೇ ಕಥೆ ಹೇಳುತ್ತೇನೆ. ಕೆಲಸ ಕಲಿಯುತ್ತಿದ್ದ ಕಾಲ. ಯಾವ ಪ್ರಯೋಗಾಲಯ ಅನ್ನುವುದು ಬೇಡ. ಇಪ್ಪತ್ತನಾಲ್ಕು ಇಲಿಗಳು, ಅರ್ಧಕ್ಕೆ ನಂಜು, ಅರ್ಧಕ್ಕೆ ಬರೀ ಹೊಟ್ಟೆ ತೆರೆದು ಹೊಲಿದದ್ದು. ಬೇರೆ ಪರೀಕ್ಷೆಗೂ ಆಗುತ್ತದೆ ಅಂತ ರಕ್ತವನ್ನು ಹೆಪಾರಿನ್ ಟ್ಯೂಬಿನಲ್ಲಿ ಹಿಡಿದೆ. ಸ್ಟ್ಯಾಂಡ್ ತುಂಬಲಿ, ಎಲ್ಲವನ್ನೂ ಒಟ್ಟಿಗೆ ಸುತ್ತಿಸೋಣ ಅಂತ ಮೇಜಿನ ಮೇಲೇ ಇಟ್ಟೆ. ಫಲಿತಾಂಶ ಬಂದಾಗ ನಂಜಿಲ್ಲದ ಇಲಿಗಳಲ್ಲೂ ಸಿ3ಎ ಆಕಾಶಕ್ಕೇರಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ಹೊಲಿಗೆಯೇ ಇಷ್ಟು ಮಾಡಿತೇ, ಅರಿವಳಿಕೆಯೇ, ಅಂತ. ಕೊನೆಗೆ ಗುಂಪು ಮರೆತು, ರಕ್ತ ತೆಗೆದ ಕ್ರಮದಲ್ಲಿ ಸಂಖ್ಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟೆ. ಮೆಟ್ಟಿಲು ಇಳಿದ ಹಾಗೆ ನೀಟಾಗಿ ಇಳಿದಿದ್ದವು. ಮೊದಲು ತೆಗೆದದ್ದರಲ್ಲಿ ಅತಿ ಹೆಚ್ಚು, ಕಡೆಗೆ ತೆಗೆದದ್ದರಲ್ಲಿ ಅತಿ ಕಡಿಮೆ. ನಾನು ಅಳೆದದ್ದು ನಂಜನ್ನಲ್ಲ, ಟ್ಯೂಬ್ ಮೇಜಿನ ಮೇಲೆ ಕಾದ ಹೊತ್ತನ್ನು. ಇಪ್ಪತ್ತನಾಲ್ಕು ಪ್ರಾಣಿಗಳು ವ್ಯರ್ಥವಾದವು. ಆ ಗ್ರಾಫ್ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಹೆಪಾರಿನ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಆ ಪ್ರಮಾಣದಲ್ಲಿ ಕಾಂಪ್ಲಿಮೆಂಟನ್ನು ತಡೆಯುವುದಿಲ್ಲ. ಇಡಿಟಿಎ ಎಂಬ ರಾಸಾಯನಿಕ, ಕಾಂಪ್ಲಿಮೆಂಟ್ ಉರಿಯಲು ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಡುತ್ತದೆ, ಆದ್ದರಿಂದ ಹೊಸದಾಗಿ ಉರಿ ಹತ್ತುವುದಿಲ್ಲ. ಮೊದಲೇ ಹುಟ್ಟಿದ ಕತ್ತರಿ ಕಿಣ್ವಗಳು ಕೆಲಸ ಮುಂದುವರಿಸದಂತೆ ನಾಫಮೊಸ್ಟಾಟ್ ಎಂಬ ಕಿಣ್ವ ತಡೆಯುವ ಔಷಧಿಯನ್ನೂ ಸೇರಿಸುವವರಿದ್ದಾರೆ. ಆದರೆ ಇಡಿಟಿಎ ಹಾಕಿದ ರಕ್ತದಲ್ಲಿ ಸಿಎಚ್50 ನೋಡಲಾಗದು, ಅದಕ್ಕೆ ಸೀರಮೇ ಬೇಕು. ಸೌದೆಗೆ ಒಂದು ಟ್ಯೂಬ್, ಬೂದಿಗೆ ಇನ್ನೊಂದು ಟ್ಯೂಬ್.

ಸೀರಮಿನಲ್ಲಿ ಬೂದಿ ಅಳೆಯಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ 2006ರಲ್ಲಿ ಗೊತ್ತಾಯಿತು. ಸಿ3 ಇಲ್ಲದ ಹಾಗೆ ಹುಟ್ಟಿಸಿದ ಮೌಸ್ ಎಂಬ ಸಣ್ಣ ಇಲಿಗಳಲ್ಲಿ ಸಿ5ಎ ಹುಟ್ಟಲೇಬಾರದು. ಸಿ3 ಇಲ್ಲದೆ ಸಿ5ನ್ನು ಕತ್ತರಿಸುವವರು ಯಾರು? ಆದರೂ ಅವುಗಳ ಶ್ವಾಸಕೋಶದ ಗಾಯದಲ್ಲಿ ಸಿ5ಎ ಸಿಕ್ಕಿತು. ಕತ್ತರಿ ಹಿಡಿದಿದ್ದದ್ದು ಥ್ರಾಂಬಿನ್, ರಕ್ತ ಹೆಪ್ಪುಗಟ್ಟಿಸುವ ಕಿಣ್ವ. ಮಾರ್ಕುಸ್ ಹ್ಯೂಬರ್-ಲಾಂಗ್, ಪೀಟರ್ ವಾರ್ಡ್ ಮುಂತಾದವರ ಕೆಲಸ ಅದು. ಸೀರಮ್ ಅಂದರೇ ರಕ್ತ ಹೆಪ್ಪುಗಟ್ಟಿಸಿ ತೆಗೆದದ್ದು, ಅಲ್ಲಿ ಥ್ರಾಂಬಿನ್ ಜಾತ್ರೆಯೇ ನೆರೆದಿರುತ್ತದೆ.

ಇನ್ನು ಪ್ರಾಣಿಗಳ ವಿಷಯ. ಮೌಸ್, ರ‍್ಯಾಟ್ ಎರಡಕ್ಕೂ ನಾವು ಇಲಿ ಅಂತಲೇ ಅನ್ನುವುದು. ಇಲ್ಲಿ ಮೌಸ್ ಅಂದಾಗ ಆ ಸಣ್ಣದು, ಇಲಿ ಅಂದಾಗ ದೊಡ್ಡದು ಎಂದಿಟ್ಟುಕೊಳ್ಳಿ. 25 ಗ್ರಾಂ ಮೌಸಿನ ಮೈಯಲ್ಲಿ ಇರುವ ಒಟ್ಟು ರಕ್ತವೇ ಎರಡು ಎಂಎಲ್ಲಿಗಿಂತ ಕಡಿಮೆ. ಒಂದೇ ಪ್ರಾಣಿಯಲ್ಲಿ ಗಂಟೆಗೊಮ್ಮೆ ರಕ್ತ ತೆಗೆದು ನೋಡುವ ಮಾತೇ ಇಲ್ಲ. ಅದರ ಮೇಲೆ, ಮೌಸ್ ಸೀರಮ್ ಕುರಿ ಕಣ ಒಡೆಯುವುದರಲ್ಲಿ ಬಲು ದುರ್ಬಲ. ಗಿನಿಪಿಗ್ ಸೀರಮ್ ಪೈಲ್ವಾನನಾದರೆ ಇದು ಜ್ವರ ಬಿಟ್ಟು ಎದ್ದ ಹುಡುಗ. ಗಂಡು ಮೌಸಿಗೂ ಹೆಣ್ಣು ಮೌಸಿಗೂ ವ್ಯತ್ಯಾಸ ಇದೆ, ಗಂಡಿನಲ್ಲಿ ಜಾಸ್ತಿ. ಡಿಬಿಎ/2, ಎ/ಜೆ ಮುಂತಾದ ತಳಿಗಳಲ್ಲಂತೂ ಜೀನಿನ ಎರಡಕ್ಷರ ಬಿಟ್ಟುಹೋಗಿ ಸಿ5 ಇಲ್ಲವೇ ಇಲ್ಲ. ತಳಿ ನೋಡದೆ ತರಿಸಿ ಸಿಎಚ್50 ಮಾಡಿದರೆ ಸೊನ್ನೆ ಬರುತ್ತದೆ, ನಂಜಿನಿಂದಲ್ಲ, ವಂಶದಿಂದ. ಹಾಗಾಗಿ ಮೌಸಿನಲ್ಲಿ ಎಷ್ಟೋ ಜನ ಕೆಂಪು ಕಣ ಬಿಟ್ಟು ತಟ್ಟೆಯ ದಾರಿ ಹಿಡಿಯುತ್ತಾರೆ. ತಟ್ಟೆಯ ಗುಳಿಗಳಿಗೆ ಒಂದರಲ್ಲಿ ಐಜಿಎಂ ಎಂಬ ಆಂಟಿಬಾಡಿ, ಒಂದರಲ್ಲಿ ಮ್ಯಾನನ್ ಎಂಬ ಯೀಸ್ಟ್ ಸಕ್ಕರೆ, ಒಂದರಲ್ಲಿ ಎಲ್‌ಪಿಎಸ್ ಎಂಬ ರೋಗಾಣುವಿನ ಹೊರಪೊರೆಯ ವಸ್ತು ಲೇಪಿಸಿ, ಸೀರಮ್ ಹಾಕಿ, ಎಷ್ಟು ಸಿ3 ಅಥವಾ ಸಿ9 ಅಂಟಿತು ಎಂದು ನೋಡುವುದು. ಮೂರು ದಾರಿಗೂ ಬೇರೆ ಬೇರೆ ಲೆಕ್ಕ ಸಿಗುತ್ತದೆ. ಹಂದಿಯಲ್ಲಿ ಈ ತಾಪತ್ರಯ ಕಡಿಮೆ, ರಕ್ತ ಧಾರಾಳ. ಮನುಷ್ಯನ ಸಿ9ಗಾಗಿ ಮಾಡಿದ ಎಇ11 ಎಂಬ ಆಂಟಿಬಾಡಿ ಹಂದಿಯದನ್ನೂ ಗುರುತಿಸುತ್ತದೆ. ಖರ್ಚು ಮಾತ್ರ ಕೇಳಬೇಡಿ.

ಔಷಧಿಗೂ ಪ್ರಾಣಿಭೇದ ಇದೆ. ಸಿ3ಯನ್ನು ಕಟ್ಟಿಹಾಕುವ ಕಾಂಪ್‌ಸ್ಟಾಟಿನ್ ಎಂಬ ಪುಟ್ಟ ಪೆಪ್ಟೈಡನ್ನು 1996ರಲ್ಲಿ ಜಾನ್ ಲ್ಯಾಂಬ್ರಿಸ್ ಜೊತೆ ಪ್ರಕಟಿಸಿದವರಲ್ಲಿ ಅರವಿಂದ ಸಾಹು ಒಬ್ಬರು. ಆಮೇಲೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಸಿಎಸ್) ಕಾಂಪ್ಲಿಮೆಂಟಿನ ಮೇಲೇ ಕೆಲಸ ನಡೆಸಿದವರು. ಆ ಪೆಪ್ಟೈಡು ಮನುಷ್ಯ ಮತ್ತು ಕೋತಿ ಜಾತಿಯ ಸಿ3ಯನ್ನು ಹಿಡಿಯುತ್ತದೆ, ಮೌಸಿನದನ್ನು ಹಿಡಿಯುವುದೇ ಇಲ್ಲ. ಹಾಗಾಗಿ ನಂಜಿನಲ್ಲಿ ಅದನ್ನು ಪರೀಕ್ಷಿಸಲು ಬಬೂನ್‌ಗಳವರೆಗೆ ಹೋಗಬೇಕಾಯಿತು.

ನಂಜಿನ ಮಾದರಿ ಹೇಗಿರುತ್ತದೆ ಅಂತಲೂ ಮುಚ್ಚಿಡುವುದಿಲ್ಲ. ಹೆಚ್ಚು ಬಳಕೆಯಲ್ಲಿರುವುದಕ್ಕೆ ಸಿಎಲ್‌ಪಿ ಅನ್ನುತ್ತೇವೆ. ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ದೊಡ್ಡ ಕರುಳಿನ ಮೊದಲ ಚೀಲವನ್ನು ಕರುಳಿನ ದಾರಿ ಕಟ್ಟದ ಹಾಗೆ ದಾರದಿಂದ ಬಿಗಿದು, ಸೂಜಿಯಿಂದ ಚುಚ್ಚಿ, ಒಳಗಿಟ್ಟು ಹೊಲಿಯುವುದು. ಮನುಷ್ಯರಲ್ಲಿ ಅಪೆಂಡಿಕ್ಸ್ ಒಡೆದ ಹಾಗೆ. ಎಲ್ಲಿ ಬಿಗಿದಿರಿ, ಯಾವ ಗೇಜಿನ ಸೂಜಿ, ಎಷ್ಟು ತೂತು, ಇವುಗಳ ಮೇಲೆ ಪ್ರಾಣಿ ಬದುಕುವುದೂ ಸಾಯುವುದೂ ನಿಂತಿದೆ. ನೋವು ನಿವಾರಕ, ಡ್ರಿಪ್, ಆಂಟಿಬಯಾಟಿಕ್ ಕೊಡದೆ ಮಾಡಿದ ಹಳೆಯ ಪ್ರಯೋಗಗಳು ಆಸ್ಪತ್ರೆಯ ರೋಗಿಯನ್ನು ಹೋಲುವುದೇ ಇಲ್ಲ. ಎಥಿಕ್ಸ್ ಕಮಿಟಿಯ ಅರ್ಜಿಯಲ್ಲಿ ಪ್ರಾಣಿಗಳ ಸಂಖ್ಯೆಗೆ ಕಾರಣ ಬರೆಯುವಾಗ ನನಗೆ ಈಗಲೂ ಆ ಇಪ್ಪತ್ತನಾಲ್ಕು ನೆನಪಾಗುತ್ತದೆ.

ಇದೇ ಸಿಎಲ್‌ಪಿಯಲ್ಲಿ 1999ರಲ್ಲಿ ಪೀಟರ್ ವಾರ್ಡ್ ತಂಡ ಮಿಶಿಗನ್ನಿನಲ್ಲಿ ತೋರಿಸಿದ್ದು, ಸಿ5ಎಗೆ ಆಂಟಿಬಾಡಿ ಕೊಟ್ಟ ಇಲಿಗಳು ಹೆಚ್ಚು ಬದುಕಿದವು ಎಂದು. ವಿಪರೀತ ಸಿ5ಎ ಸುರಿದರೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕಹಳೆ ಕೇಳಿ ಕೇಳಿ ಕಿವುಡಾಗುತ್ತವೆ, ರೋಗಾಣು ಕೊಲ್ಲುವುದನ್ನೇ ಬಿಡುತ್ತವೆ. ಹಾಗಾದರೆ ಕಾಂಪ್ಲಿಮೆಂಟನ್ನು ಪೂರ್ತಿ ಆರಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. 2008ರಲ್ಲಿ ಸಿ3 ಇಲ್ಲದ ಮೌಸ್‌ಗಳು ಅದೇ ನಂಜಿಗೆ ಮಾಮೂಲಿ ಮೌಸ್‌ಗಳಿಗಿಂತ ಬೇಗ ಸತ್ತವು. ಸಿ5 ಇಲ್ಲದವು ಮಾಮೂಲಿನಷ್ಟೇ ಬದುಕಿದರೂ ರಕ್ತದಲ್ಲಿ ರೋಗಾಣು ತುಂಬಿಕೊಂಡಿದ್ದವು. ಒಟ್ಟು ಕಾಂಪ್ಲಿಮೆಂಟ್ ಎಷ್ಟು ಅನ್ನುವ ಒಂದೇ ಸಂಖ್ಯೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಯಾವ ಮೆಟ್ಟಿಲಲ್ಲಿ, ಎಷ್ಟನೇ ಗಂಟೆಯಲ್ಲಿ ಅನ್ನುವುದು ಗೊತ್ತಾಗಬೇಕು. ಸಿ5ಎ ತಡೆಯುವ ವಿಲೊಬೆಲಿಮಾಬ್ ಎಂಬ ಆಂಟಿಬಾಡಿಗೆ 2023ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ನಂಜಿಗಲ್ಲ, ವೆಂಟಿಲೇಟರ್ ಮುಟ್ಟಿದ ಕೋವಿಡ್ ರೋಗಿಗಳಿಗೆ.

ಪ್ರಾಣಿಯಲ್ಲಿ ಸಿ3 ಖಾಲಿ ಮಾಡುವ ಹಳೆಯ ಉಪಾಯ ನಾಗರಹಾವಿನ ವಿಷದಲ್ಲಿದೆ. ವಿಷದೊಳಗಿನ ಒಂದು ಪ್ರೋಟೀನ್ ನಮ್ಮ ಸಿ3ಬಿಯ ವೇಷ ಹಾಕಿಕೊಂಡು, ದೇಹದ ಕಡಿವಾಣಗಳಿಗೆ ಸಿಗದೆ, ಇದ್ದಬದ್ದ ಸಿ3ಯನ್ನೆಲ್ಲ ಉರಿಸಿಬಿಡುತ್ತದೆ. ಆಮೇಲೆ ಕೆಲವು ದಿನ ಸಿಎಚ್50 ನೆಲ ಕಚ್ಚಿರುತ್ತದೆ. ಕಾಂಪ್ಲಿಮೆಂಟ್ ಇಲ್ಲದ ಪ್ರಾಣಿ ಸಿಕ್ಕಿತು ಅಂತ ಹಿಗ್ಗಬೇಡಿ. ಖಾಲಿಯಾಗುವ ಮುಂಚೆ ಒಮ್ಮೆಲೇ ಹೊತ್ತಿ ಉರಿದು ಶ್ವಾಸಕೋಶಕ್ಕೆ ಪೆಟ್ಟು ಕೊಟ್ಟೇ ಹೋಗಿರುತ್ತದೆ.

ಕೊನೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ಎಂಎಸ್‌ಸಿ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಒಂದೇ ಮೌಸ್, ಅರ್ಧ ಎಂಎಲ್ ರಕ್ತ. ಏನು ಅಳೀತೀರಿ?" ಒಳ್ಳೆಯ ಪ್ರಶ್ನೆ, ಉತ್ತರ ಹೀಗೆ. ಮುಕ್ಕಾಲು ಪಾಲು ತಣ್ಣನೆಯ ಇಡಿಟಿಎ ಟ್ಯೂಬಿಗೆ. ಐಸಿನ ಮೇಲೆ ಒಯ್ದು, ತಣ್ಣನೆಯ ಸೆಂಟ್ರಿಫ್ಯೂಜಿನಲ್ಲಿ ಆಗಲೇ ಸುತ್ತಿಸಿ, ಪ್ಲಾಸ್ಮಾವನ್ನು ಮೂರು ಪುಟ್ಟ ಟ್ಯೂಬುಗಳಿಗೆ ಹಂಚಿ ಮೈನಸ್ 80ಕ್ಕೆ. ಒಂದು ಟ್ಯೂಬನ್ನು ಒಮ್ಮೆ ಕರಗಿಸಿದರೆ ಮತ್ತೆ ಹೆಪ್ಪುಗಟ್ಟಿಸಬಾರದು, ಅದಕ್ಕೇ ಮೂರು. ಅದರಲ್ಲಿ ಸಿ3ಎ, ಸಿ5ಎ, ಒಟ್ಟು ಪ್ರೋಟೀನ್. ಉಳಿದ ಕಾಲು ಪಾಲು ಹೆಪ್ಪುಗಟ್ಟಲಿ, ಆ ಸೀರಮ್ ತಟ್ಟೆಗೆ. ಶ್ವಾಸಕೋಶವನ್ನು ಎಸೆಯಬೇಡಿ. ರಕ್ತದ ಬೂದಿಯನ್ನು ಗಾಳಿ ಹೊತ್ತೊಯ್ದರೂ ಅಂಗಾಂಶಕ್ಕೆ ಕಚ್ಚಿಕೊಂಡ ಸಿ3 ತುಂಡು ಅಲ್ಲೇ ಕೂತಿರುತ್ತದೆ, ಫ್ಲೋರೆಸೆಂಟ್ ಬಣ್ಣ ಹಚ್ಚಿದರೆ ಕಾಣುತ್ತದೆ.

"ಅಷ್ಟಕ್ಕೂ ರಕ್ತ ಸಾಲದಿದ್ದರೆ?" ಅಂದಳು.

ತಟ್ಟೆ ಬಿಡು, ಪ್ಲಾಸ್ಮಾ ಉಳಿಸಿಕೋ. ಮತ್ತೆ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಾಣಿಯ ಎದುರು ಎರಡು ಹೊತ್ತು ಬರೆದಿಡು. ಸೂಜಿ ಚುಚ್ಚಿದ್ದು ಎಷ್ಟು ಗಂಟೆಗೆ, ಸೆಂಟ್ರಿಫ್ಯೂಜ್ ಶುರುವಾದದ್ದು ಎಷ್ಟು ಗಂಟೆಗೆ.